ಬ್ಯಾಟರಿಗೆ ಕಟ್ಟಿದ್ದ ಕರಿ ದಾರ

ಡಾಕ್ಟರಬಾಯಿಯವರು ತಮ್ಮ ಗಾಡಿ ತಂದು ನನ್ನ ಅಂಗಡಿ ಮುಂದೆ ನಿಲ್ಲಿಸಿದಾಗ ಎದುರಿನ ಹೋಟೆಲಿನಲ್ಲಿದ್ದವರೆಲ್ಲ ಚಹಾದ ಕಪ್ಪು ಹಿಡಿದುಕೊಂಡೇ ರಸ್ತೆ ದಾಟಿ ಬಂದರು. ಕಲಘಟಗಿಯಲ್ಲಿ ಆ ಗಾಡಿಯನ್ನು ನೋಡದವರು ಯಾರೂ ಇಲ್ಲ. ಆದರೆ ಅದರ ಬಾನೆಟ್ ತೆಗೆದು ಒಳಗೆ ನೋಡಿದವರು ಕಡಿಮೆ. ಇಂಗ್ಲೆಂಡಿನಲ್ಲಿ ಮಾಡಿದ್ದು, ಎರಡೇ ಸೀಟು, ಮೇಲೆ ಬಟ್ಟೆಯ ಟಾಪು, ವಯಸ್ಸು ನನಗಿಂತ ಹೆಚ್ಚು. ಮುಂದಿನ ಬಂಪರಿನ ಕೆಳಗೆ ಎರಡು ಹಳದಿ ಫಾಗ್ ಲೈಟುಗಳು. ಇಡೀ ದಿನ ಟ್ರ್ಯಾಕ್ಟರಿನ ಸ್ಟಾರ್ಟರು, ಟಂಟಂ ಗಾಡಿಯ ಹಾರ್ನು ಬಿಚ್ಚುವ ನನಗೆ ಅಂಥ ಗಾಡಿ ಮುಟ್ಟಲು ಸಿಕ್ಕಿದ್ದೇ ದೊಡ್ಡದಾಗಿತ್ತು. ಜನ ನೋಡುತ್ತಿದ್ದಾರೆ ಎನ್ನುವುದು ಇನ್ನೂ ದೊಡ್ಡದಾಗಿತ್ತು.

ಬಾಯಾರು ಎಂದೇ ನಾವೆಲ್ಲ ಕರೆಯುವ ಈ ಡಾಕ್ಟರರು ಸರಕಾರಿ ದವಾಖಾನೆಯಿಂದ ನಿವೃತ್ತರಾದವರು. ಗಾಡಿ ಅವರ ತಂದೆಯದು. ಪ್ರತಿ ಮಂಗಳವಾರ ನಸುಕಿನಲ್ಲೇ ಹೊರಟು, ಬಮ್ಮಿಗಟ್ಟಿ ದಾಟಿ, ಕಾಡಂಚಿನ ಒಂದು ಹಳ್ಳಿಗೆ ಹೋಗಿ ಸಂಜೆಯವರೆಗೆ ರೋಗಿಗಳನ್ನು ನೋಡಿ ಬರುತ್ತಾರೆ. ಡಿಸೆಂಬರಿನಲ್ಲಿ ಆ ಕಡೆ ಮಂಜು ಎಷ್ಟು ದಟ್ಟವಾಗಿರುತ್ತದೆಂದರೆ, ಹೆಡ್‌ಲೈಟ್ ಹಾಕಿದರೆ ಬೆಳಕು ತಿರುಗಿ ನಮ್ಮ ಕಣ್ಣಿಗೇ ಹೊಡೆಯುತ್ತದೆ. ರಸ್ತೆ ಕಾಣಬೇಕಾದರೆ ಕೆಳಗಿನಿಂದ ಹಾಸಿಕೊಂಡು ಹೋಗುವ ಹಳದಿ ಬೆಳಕೇ ಬೇಕು.

“ಹಚ್ಚಿದ ಕೂಡ್ಲೆ ಛಲೋ ಉರಿತಾವ. ಹತ್ತು ಮಿನಿಟ್ ಆದ್ರ ಮಂದ ಆಗಿ ಆರಿ ಹೋಗ್ತಾವ,” ಎಂದರು ಬಾಯಾರು. “ದಸರಾಕ್ಕ ಮುಂದಿನ ಭಾಗಕ್ಕ ಬಣ್ಣ ಹೊಡಿಸಿದೆ. ಅದಾದ ಮ್ಯಾಲೆ ಶುರು ಆತು ನೋಡಪಾ. ಮಂಗಳವಾರದೊಳಗ ಮಾಡಿಕೊಡು.”

ಬಣ್ಣದ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆಗಲೇ ನಾನು ಬಾನೆಟ್ ಎತ್ತಿ ಒಳಗೆ ಬಗ್ಗಿದ್ದೆ.

ಒಳಗಿನ ಕೆಲಸ ಯಾರದೆಂದು ನೋಡಿದ ಕೂಡಲೇ ಗೊತ್ತಾಯಿತು. ವೈರುಗಳ ಕಟ್ಟಿಗೆ ಎಲ್ಲೂ ಟೇಪು ಇರಲಿಲ್ಲ. ಬಿಳಿ ನೂಲಿನ ದಾರಕ್ಕೆ ಮೇಣ ತಿಕ್ಕಿ, ಬೆರಳಗಲಕ್ಕೊಂದು ಗಂಟು ಹಾಕುತ್ತ, ಉದ್ದಕ್ಕೂ ಒಂದೇ ಬಿಗುವಿನಲ್ಲಿ ಕಟ್ಟಿದ್ದರು. ಪ್ರತಿ ವೈರಿನ ತುದಿಗೆ ಬೇರೆ ಗಂಟುಗಳು: ಹೆಡ್‌ಲೈಟಿಗೆ ಒಂದು, ಹಾರ್ನಿಗೆ ಎರಡು, ಫಾಗ್ ಲೈಟಿಗೆ ಮೂರು. ಓದಲು ಬಾರದ ಮನುಷ್ಯ ತನಗಾಗಿ ಮಾಡಿಕೊಂಡ ಗುರುತು ಅದು. ಈ ಸೀಮೆಯಲ್ಲಿ ಹಾಗೆ ಕಟ್ಟುವವರು ಒಬ್ಬರೇ. ಕುಂದಗೋಳದ ನೇಕಾರರ ಮನೆತನದ ಒಬ್ಬ ಮಿಸ್ತ್ರಿ. ಮಗ್ಗದ ನೂಲು ಅವರ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ಬಿಸಿಲಿಗೆ ಟೇಪಿನ ಅಂಟು ಕರಗಿ ಎರಿ ಮಣ್ಣಿನ ಧೂಳು ಹಿಡಿಯುತ್ತದೆ, ದಾರಕ್ಕೆ ಹಿಡಿಯುವುದಿಲ್ಲ ಎನ್ನುತ್ತಿದ್ದರು.

ಎನ್ನುತ್ತಿದ್ದರು ಅಂತ ನನಗೆ ಹೇಗೆ ಗೊತ್ತು? ನಾನು ಏಳು ವರ್ಷ ಅವರ ಕೈಕೆಳಗೆ ಕಲಿತವನು. ಯರಗುಪ್ಪಿಯಿಂದ ದಿನಾ ಹೋಗಿ ಬರುತ್ತಿದ್ದೆ. ಸ್ಪಾನರ್ ಹಿಡಿಯುವುದರಿಂದ ಹಿಡಿದು ಡೈನಮೋ ಸುತ್ತುವವರೆಗೆ ಎಲ್ಲವೂ ಅವರು ಕೊಟ್ಟದ್ದು. ನಾನು ಅವರನ್ನು ಉಸ್ತಾದ್ರು ಎಂದೇ ಕರೆಯುತ್ತಿದ್ದೆ.

ಆದರೆ ಕಲಘಟಗಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಅಂಗಡಿ ಹಾಕುವ ಮುಂಚೆ ಹುಬ್ಬಳ್ಳಿಯಲ್ಲಿ ಮೂರು ವಾರದ ಒಂದು ತರಬೇತಿಗೆ ಹೋಗಿದ್ದೆ. ಅವರು ಕೊಟ್ಟ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ್ದೆ. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಅದರ ಕಡೆ ಕೈ ತೋರಿಸುತ್ತಿದ್ದೆ. ಗೋಣಿಚೀಲದ ಮೇಲೆ ಕೂತು ಕೆಲಸ ಮಾಡುವ, ಸಹಿ ಹಾಕಲು ಬಾರದ ಮುದುಕನ ಹೆಸರು ಹೇಳಿದರೆ ಗಿರಾಕಿ ಏನಂದುಕೊಂಡಾನು ಎಂದು ಮೊದಲ ವರ್ಷ ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದೇ ರೂಢಿಯಾಯಿತು.

“ಈ ವೈರಿಂಗ್ ಯಾರ್ ಮಾಡ್ಯಾರ್ರಿ ಬಾಯಾರ?” ಎಂದು ಗೊತ್ತಿದ್ದೂ ಕೇಳಿದೆ.

“ಕುಂದಗೋಳದ ಒಬ್ಬರು ಹಳೆ ಮಿಸ್ತ್ರಿ. ನಮ್ಮ ಅಪ್ಪ ಇದ್ದಾಗ ಮಾಡಿದ್ದು. ಯಾಕ?”

ಸುತ್ತ ಏಳೆಂಟು ಜನ ನಿಂತಿದ್ದರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

“ದಾರಾ ಸುತ್ಯಾರ ನೋಡ್ರಿ,” ಎಂದೆ. “ವೈರಿಂಗ್ ಮಾಡ್ಯಾರೋ, ಕೌದಿ ಹೊಲ್ದಾರೋ ತಿಳಿವಲ್ದು.”

ಜನ ಹೋ ಎಂದು ನಕ್ಕರು. ಹೋಟೆಲಿನವನಂತೂ ಕಪ್ಪಿನಲ್ಲಿದ್ದ ಚಹಾ ಚೆಲ್ಲುವಷ್ಟು ನಕ್ಕ. ನಾನೂ ನಕ್ಕೆ. ಇದನ್ನು ಬರೆಯುವಾಗಲೂ ಆ ನಗು ನನ್ನ ಕಿವಿಯಲ್ಲಿದೆ.

ಕೆಲಸ ಶುರುಮಾಡಿದೆ. ಮೊದಲು ಬ್ಯಾಟರಿ ನೋಡಬೇಕು. ಆ ಗಾಡಿಯಲ್ಲಿ ಅದು ಸೀಟಿನ ಹಿಂದೆ ಇದೆ. ಮೀಟರಿನ ಕರಿ ಕಡ್ಡಿಯನ್ನು ಗಾಡಿಯ ಲೋಹದ ಮೈಗೆ, ಅಂದರೆ ಬಾಡಿಗೆ, ಇಟ್ಟೆ, ಕೆಂಪು ಕಡ್ಡಿಯನ್ನು ವೈರುಗಳ ಕಡೆ ಹೋಗುವ ಟರ್ಮಿನಲ್ಲಿಗೆ ಮುಟ್ಟಿಸಿದೆ. ಹನ್ನೆರಡೂವರೆ ವೋಲ್ಟ್ ತೋರಿಸಿತು. ಆದರೆ ಅಂಕಿಯ ಎಡಕ್ಕೆ ಮೈನಸ್ ಗುರುತಿತ್ತು. ಕಡ್ಡಿ ಅದಲುಬದಲು ಹಿಡಿದಿದ್ದೇನೆ ಅಂದುಕೊಂಡು ಕೈ ಬದಲಿಸಿದೆ. ಗುರುತು ಹೋಯಿತು. ಮೀಟರು ಖರೇನೇ ಹೇಳಿತ್ತು, ನಾನೇ ಅದರ ಬಾಯಿ ಮುಚ್ಚಿಸಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆಯ ಯಾವ ಟ್ರ್ಯಾಕ್ಟರು, ಯಾವ ಟೆಂಪೋ ತೆಗೆದು ನೋಡಿದರೂ ಬ್ಯಾಟರಿಯ ಮೈನಸ್ಸು ಬಾಡಿಗೆ ಸೇರಿರುತ್ತದೆ. ಬಾಡಿ ಅಂದರೆ ಮೈನಸ್ಸು. ಇದು ಮಗ್ಗಿಯ ಹಾಗೆ ಬಾಯಿಪಾಠ. ಆದರೆ ಇಂಗ್ಲೆಂಡಿನ ಕೆಲವು ಹಳೆ ಗಾಡಿಗಳಲ್ಲಿ ಎಲ್ಲ ತಿರುವುಮುರುವು: ಪ್ಲಸ್ಸು ಬಾಡಿಗೆ, ಮೈನಸ್ಸು ವೈರುಗಳಿಗೆ. ಆ ಗಾಡಿ ಅಂಥದ್ದು. ಅದು ನನಗೆ ಹೊಳೆಯಲೇ ಇಲ್ಲ.

ಇನ್ನು ಫಾಗ್ ಲೈಟು. ಅವನ್ನು ಉರಿಸಿ, ಮಂದವಾಗುವವರೆಗೆ ಕಾದೆ. ಆಮೇಲೆ ಒಂದು ಕಡ್ಡಿಯನ್ನು ಲೈಟಿಗೆ ಬರುವ ವೈರಿಗೂ ಇನ್ನೊಂದನ್ನು ಲೈಟಿನ ಹೊರ ಕವಚಕ್ಕೂ ಇಟ್ಟೆ. ಏಳು ವೋಲ್ಟ್. ಹನ್ನೆರಡು ಹೊರಟು ಏಳು ಮುಟ್ಟಿತು ಅಂದರೆ ಐದನ್ನು ದಾರಿಯಲ್ಲಿ ಹಳೆ ವೈರು ತಿಂದಿತು ಎಂದು ತೀರ್ಮಾನಿಸಿದೆ. ಎರಡನೆಯ ಕಡ್ಡಿಯನ್ನು ಲೈಟಿನ ಕವಚದ ಬದಲು ಇಂಜಿನ್ನಿಗೆ ಇಟ್ಟು ನೋಡಿದ್ದರೆ ಪೂರಾ ಹನ್ನೆರಡು ಕಾಣುತ್ತಿತ್ತು. ವೈರು ಸರಿಯಿದೆ, ಲೈಟು ಬಾಡಿಗೆ ಕೂಡುವ ಜಾಗದಲ್ಲಿ ತೊಂದರೆ ಇದೆ ಎಂದು ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ಉಸ್ತಾದ್ರು ಮೊದಲನೇ ತಿಂಗಳಲ್ಲಿ ಕಲಿಸಿದ್ದ ಪಾಠವೇ ಅದು. ಆದರೆ ನನಗೆ ಆ ದಾರದ ವೈರಿಂಗು ಕೆಟ್ಟಿರಬೇಕಾಗಿತ್ತು. ಜನರ ಮುಂದೆ ಹಾಗೆ ಹೇಳಿಬಿಟ್ಟಿದ್ದೆನಲ್ಲ.

ಶುಕ್ರವಾರ ಮುಂದಿನ ಭಾಗದ ವೈರಿಂಗ್ ಪೂರ್ತಿ ಕಿತ್ತೆ. ಬ್ಲೇಡಿನಿಂದ ದಾರ ಕೊಯ್ಯುತ್ತ ಹೋದರೆ ಒಳಗಿನ ವೈರು ಹೊಸದರ ಹಾಗೆ ಮಿಂಚುತ್ತಿತ್ತು. ಅದನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ದಾರವನ್ನು ಉಂಡೆ ಮಾಡಿ ಕಸದ ಡಬ್ಬಿಗೆ ಎಸೆದೆ. ದಪ್ಪ ವೈರು ಎಳೆದು, ಹೊಸ ಫ್ಯೂಜು, ಸ್ವಿಚ್ಚಿನ ಭಾರ ಹೊರುವ ಹೊಸ ರಿಲೇ ಕೂಡಿಸಿ ಕರಿ ಟೇಪು ಸುತ್ತಿದೆ. ನೋಡಲು ಶೋರೂಮಿನಿಂದ ಬಂದ ಹಾಗಿತ್ತು.

ಬ್ಯಾಟರಿಯನ್ನು ಚಾರ್ಜಿಗೆ ಹಾಕಲು ಬಿಚ್ಚುವಾಗ ಪ್ಲಸ್ಸಿನ ಕೇಬಲ್ಲಿಗೆ ಒಂದು ಕರಿ ದಾರ ಕಟ್ಟಿದ್ದು ಕಂಡಿತು. ಮೂರು ಸುತ್ತು, ಮೂರು ಗಂಟು. ನಮ್ಮಲ್ಲಿ ದೃಷ್ಟಿಯಾಗಬಾರದೆಂದು ಗಾಡಿಗೆ ಕರಿ ದಾರ ಕಟ್ಟದವರು ಯಾರು? ಬಂಪರಿಗೆ, ಕನ್ನಡಿಗೆ, ಕೆಲವರು ಸ್ಟಿಯರಿಂಗಿಗೆ ಕಟ್ಟುತ್ತಾರೆ. ಬಾಯಾರ ಮನೆಯವರು ಯಾರೋ ಬ್ಯಾಟರಿಗೂ ಕಟ್ಟಿದ್ದಾರೆ ಎಂದುಕೊಂಡು ಕತ್ತರಿಸಿದೆ. ಆ ಕೇಬಲ್ ಬಾಡಿಗೆ ಹೋಗುತ್ತಿತ್ತು. ಪ್ಲಸ್ಸು ಬಾಡಿಗೆ ಹೋಗಿದ್ದು ಕಂಡು ಸಿಟ್ಟೇ ಬಂತು. ಮುದುಕನ ಕಣ್ಣು ಮಂಜಾಗಿರಬೇಕು ಎಂದುಕೊಂಡೆ. ಚಾರ್ಜ್ ಆದ ಮೇಲೆ ಮೈನಸ್ಸನ್ನು ಬಾಡಿಗೆ ಹಾಕಲು ಹೋದೆ.

ಅದು ಕೂಡಲೊಲ್ಲದು. ಬ್ಯಾಟರಿಯ ಪ್ಲಸ್ ಕಂಬ ದಪ್ಪ, ಮೈನಸ್ ಕಂಬ ಸಣ್ಣ. ಉಲ್ಟಾ ಹಾಕಬಾರದು ಎಂದೇ ಹಾಗೆ ಮಾಡಿರುತ್ತಾರೆ. ಬಾಡಿಯ ಕೇಬಲ್ಲಿನ ಕ್ಲಾಂಪು ಮೈನಸ್ಸಿನ ಮೇಲೆ ಲೊಡಲೊಡ ಆಡಿತು, ಇನ್ನೊಂದು ಪ್ಲಸ್ಸಿನ ಮೇಲೆ ಇಳಿಯಲೇ ಇಲ್ಲ. ನಾನು ಒಂದಕ್ಕೆ ಸೀಸದ ತುಂಡು ತುರುಕಿ ಬಿಗಿ ಮಾಡಿದೆ, ಇನ್ನೊಂದನ್ನು ಸ್ಕ್ರೂಡ್ರೈವರಿನಿಂದ ಅಗಲಿಸಿ ಸುತ್ತಿಗೆಯಿಂದ ಕೂಡಿಸಿದೆ. ಬ್ಯಾಟರಿ ಕೂಡ ಬೇಡ ಬೇಡ ಅಂದಿತ್ತು.

ಸೋಮವಾರ ಮಧ್ಯಾಹ್ನ ಸ್ವಿಚ್ ಒತ್ತಿದೆ. ಎರಡೂ ಲೈಟುಗಳು ಹೊಸ ಅರಿಷಿಣದ ಹಾಗೆ ಹೊಳೆದವು. ಬಿಚ್ಚಿ ಕೂಡಿಸುವಾಗ ಬೋಲ್ಟು ತಿರುಗಿ ಬಣ್ಣ ಸ್ವಲ್ಪ ಕೆರೆದು ಲೋಹಕ್ಕೆ ಲೋಹ ತಾಗಿತ್ತು, ಅಷ್ಟೇ ಅದರ ಗುಟ್ಟು. ಆದರೆ ಹೋಟೆಲಿನವನು ಚಪ್ಪಾಳೆ ತಟ್ಟಿದ. ಬಾಯಾರು ಬೆನ್ನು ತಟ್ಟಿ ಗಾಡಿ ಒಯ್ದರು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಕಬ್ಬಿನ ಟ್ರ್ಯಾಕ್ಟರೊಂದು ಆ ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಬಾಯಾರು ಗಾಡಿಯೊಳಗೆ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಸೀರೆಯ ಅಂಚೆಲ್ಲ ಕೆಸರು. ಇಳಿದವರು ನನಗೆ ಏನೂ ಹೇಳಲಿಲ್ಲ, ಮೊದಲು ನೀರು ಕೇಳಿದರು.

ಹೇಳಿದವನು ಟ್ರ್ಯಾಕ್ಟರಿನ ಡ್ರೈವರ್. “ಮಂಜಿನ್ಯಾಗ ನಡು ರಸ್ತೆದಾಗ ಗಾಡಿ ನಿಂತಿತ್ರಿ. ಒಂದು ಲೈಟಿಲ್ಲ, ಏನಿಲ್ಲ. ಈ ಬಾಯಾರು ಟಾರ್ಚ್ ಹಿಡಕೊಂಡು ಗಾಡಿ ಮುಂದ ನಿಂತು ಕೈ ಬೀಸಾಕತ್ತಿದ್ರು. ನನಗ ಕಂಡದ್ದು ಹತ್ತು ಮಾರಿನ್ಯಾಗ. ಎರಡು ಟ್ರಾಲಿ ಕಬ್ಬು ಹಿಂದ ಇತ್ತು. ನಿಂದರತೈತೋ ಇಲ್ಲೋ ಅಂತ ನನಗ ಗ್ಯಾರಂಟಿ ಇದ್ದಿಲ್ಲ.”

ಬಾನೆಟ್ ಎತ್ತಿದೆ. ಸುಟ್ಟ ರಬ್ಬರಿನ ವಾಸನೆ. ಡೈನಮೋದ ಕರೆಂಟು ಬ್ಯಾಟರಿಗೆ ಹೋಗುವ ದಾರಿಯಲ್ಲಿ ಕಟೌಟ್ ಎಂಬ ಒಂದು ಸಣ್ಣ ಬಾಗಿಲಿರುತ್ತದೆ. ಅದರ ಎರಡು ತುದಿಗಳು ಬೆಸುಗೆ ಹಾಕಿದಂತೆ ಅಂಟಿಕೊಂಡಿದ್ದವು. ಡೈನಮೋ ಒಂದು ದಿಕ್ಕು, ಬ್ಯಾಟರಿ ಇನ್ನೊಂದು ದಿಕ್ಕು. ಎರಡೂ ಕಾದಾಡಿ ನಡುವಿನ ಬಾಗಿಲು ಸುಟ್ಟು, ಬ್ಯಾಟರಿ ಪೂರ್ತಿ ಖಾಲಿಯಾಗಿತ್ತು. ಬ್ಯಾಟರಿ ತಿರುಗಿಸಿ ಹಾಕಿದ್ದು ಆ ಕ್ಷಣ ನೆನಪಾಯಿತು. ಅನುಮಾನ ಬಂತು. ಇದು ನನ್ನದೇ ತಪ್ಪು ಎಂದು ಒಳಗೆ ಯಾರೋ ಹೇಳಿದರು.

“ಏನಾಗಿತ್ತು?” ಎಂದರು ಬಾಯಾರು.

ನನ್ನ ಬಾಯಿ ಹೇಳಿದ್ದು ಬೇರೆ. “ಹಳೆ ಕಟೌಟ್ ರಿ ಬಾಯಾರ. ಆ ಕುಂದಗೋಳದವರು ಎಲ್ಲಾ ಉಲ್ಟಾಪಲ್ಟಾ ಮಾಡಿಟ್ಟಾರ. ನಾ ಮುಂದಿಂದಷ್ಟ ಸರಿ ಮಾಡಿದ್ದೆ. ಒಳಗಿಂದು ಅವರ ಪಾಪ.”

ಅವರು ನನ್ನನ್ನು ನಂಬಿದರು. ಸಿಟ್ಟೆಲ್ಲ ಕುಂದಗೋಳದ ಕಡೆ ತಿರುಗಿತು. ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಹೋದರೆಂದು ಹೋಟೆಲಿನವನು ಹೇಳಿದ. ನಾನು ಆ ದಿನ ಊಟ ಮಾಡಲಿಲ್ಲ. ಹೋಗಿ ತಡೆಯಬಹುದಿತ್ತು, ಒಂದು ಫೋನಾದರೂ ಮಾಡಬಹುದಿತ್ತು. ಮಾಡಲಿಲ್ಲ. ಒಂದು ಟ್ರ್ಯಾಕ್ಟರಿನ ಹಾರ್ನನ್ನು ಮೂರು ಸಲ ಬಿಚ್ಚಿ ಮೂರು ಸಲ ಕೂಡಿಸಿದೆ.

ಗುರುವಾರ ಬಾಯಾರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಮುಖದಲ್ಲಿ ಸಿಟ್ಟು ಇರಲಿಲ್ಲ.

“ಬಾಯಿಗೆ ಬಂದಂಗ ಬೈದು ಬಂದೆ,” ಎಂದರು. “ಓಣಿ ಮಂದಿ ಎಲ್ಲಾ ಕೂಡಿದ್ರು. ನಾ ಸಾಯತಿದ್ದೆ ನಿಮ್ಮ ಕೆಲಸದಿಂದ ಅಂದೆ. ಆ ಮುದುಕ ಒಂದು ಮಾತು ತಿರುಗಿ ಆಡಲಿಲ್ಲ. ಬ್ಯಾಟರಿ ಯಾರರ ಬಿಚ್ಚಿದ್ರೇನ್ರಿ ಅಂತ ಒಂದ ಕೇಳಿದ್ರು. ಹೂಂ, ಕಲಘಟಗಿಯಾಗ ಹೋಟೆಲ್ ಎದುರಿನ ಮಿಸ್ತ್ರಿ ಬಿಚ್ಚಿ ಚಾರ್ಜ್ ಮಾಡ್ಯಾನ ಅಂದೆ. ಕೈಯಾಗಿನ ಹತಾರ ಕೆಳಗಿಟ್ರು. ಆಮ್ಯಾಲೆ, ತಪ್ಪು ನಂದ ಇರಬೇಕ್ರಿ ಬಾಯಾರ, ಕಣ್ಣು ಹೋದುವು ಅಂದ್ರು. ಇನ್ನ ಮ್ಯಾಲೆ ವೈರಿಂಗ್ ಕೆಲಸಕ್ಕ ಕೈ ಹಚ್ಚೂದಿಲ್ಲ ಅಂತ ಎಲ್ಲಾರ ಮುಂದ ಹೇಳಿ ಹತಾರದ ಪೆಟಗಿಗೆ ಕೀಲಿ ಹಾಕಿದ್ರು. ನನಗ ಒಂಥರಾ ಆತು.”

ಬಾಯಾರು ತೊಡೆಯ ಮೇಲಿದ್ದ ಪರ್ಸು ಬಿಚ್ಚಿದರು.

“ಮತ್ತ ಇದನ್ನ ಕೊಟ್ಟಾರ. ಗಾಡಿ ಮಿಸ್ತ್ರಿಗೆ ಕೊಡ್ರಿ, ಬ್ಯಾಟರಿಗೆ ಕಟ್ಟಲಿ, ಛಲೋ ಆಕ್ಕೈತಿ ಅಂದ್ರು. ದೃಷ್ಟಿ ದಾರ ಇರಬೇಕು.”

ಪರ್ಸಿನಿಂದ ಒಂದು ಗೇಣು ಕರಿ ದಾರ ತೆಗೆದು ನನ್ನ ಅಂಗೈ ಮೇಲಿಟ್ಟರು. ಮೇಣ ತಿಕ್ಕಿದ ದಾರ. ನಡುವೆ ಮೂರು ಗಂಟು.

ಆಗ ನೆನಪಾಯಿತು. ಕಲಿಯಲು ಸೇರಿದ ಮೊದಲ ವರ್ಷ ನಮ್ಮ ಯರಗುಪ್ಪಿಯಿಂದಲೇ ಒಂದು ಪರದೇಶದ ಹಳೆ ಟ್ರ್ಯಾಕ್ಟರ್ ಬಂದಿತ್ತು. ಅದರ ಪ್ಲಸ್ ಕೇಬಲ್ಲಿಗೆ ಉಸ್ತಾದ್ರು ಕರಿ ದಾರ ಕಟ್ಟಿ ಮೂರು ಗಂಟು ಹಾಕಿದ್ದರು. ದೃಷ್ಟಿಗೇನ್ರಿ ಎಂದು ನಾನು ಕೇಳಿದ್ದಕ್ಕೆ ತಲೆಯ ಮೇಲೊಂದು ಮೊಟಕಿ, “ದೃಷ್ಟಿಗಲ್ಲೋ ಹುಚ್ಚಾ, ಮಿಸ್ತ್ರಿಗೆ. ಕರಿ ದಾರ ಕಂಡಲ್ಲಿ ಕೈ ಹಿಂದಕ್ಕ ತಗೋ. ಇಲ್ಲಿ ಎಲ್ಲಾ ಉಲ್ಟಾ ಐತಿ ಅಂತ ಅರ್ಥ,” ಎಂದಿದ್ದರು. ನಾನು ಅದನ್ನು ಮರೆತಿದ್ದೆ. ಮರೆತಿದ್ದೆ ಎಂದರೆ ನೀವು ನಂಬಬೇಕು ಅಷ್ಟೇ, ನಾನೇ ಪೂರ್ತಿ ನಂಬುವುದಿಲ್ಲ. ಆ ಏಳು ವರ್ಷವನ್ನೇ ಇಲ್ಲ ಎಂದವನಿಗೆ ಅದರೊಳಗಿನ ಪಾಠ ಎಲ್ಲಿಂದ ಉಳಿಯಬೇಕು?

ಬಾಯಾರು ಹೋದ ಮೇಲೂ ದಾರ ಹಿಡಿದು ಕೂತಿದ್ದೆ. ನಾನು ಕಲಘಟಗಿಯಲ್ಲಿ ಹೋಟೆಲಿನ ಎದುರು ಅಂಗಡಿ ಹಾಕಿದ್ದು ಉಸ್ತಾದ್ರಿಗೆ ತಿಳಿದಿತ್ತು, ಹಾಗಾಗಿ ಎಲ್ಲ ಗೊತ್ತಾಗಿತ್ತು. ಬ್ಯಾಟರಿ ತಿರುಗಿಸಿದವನು ನಾನು ಅಂತ ಗೊತ್ತಾಗಿತ್ತು, ತಪ್ಪು ಅವರ ಮೇಲೆ ಹಾಕಿದವನೂ ನಾನೇ ಅಂತ ಗೊತ್ತಾಗಿತ್ತು. ಆದರೂ ನನ್ನ ಹೆಸರು ಹೇಳಲಿಲ್ಲ. ಓಣಿಯ ಮುಂದೆ ತಮ್ಮ ಮರ್ಯಾದೆ ಕೊಟ್ಟು ನನ್ನದನ್ನು ಉಳಿಸಿದರು. ಮೇಲೆ, ಗಾಡಿ ಸರಿ ಮಾಡುವ ದಾರಿಯನ್ನೂ ಅದೇ ಬಾಯಾರ ಕೈಯಲ್ಲಿ ಕಳಿಸಿದರು. ಬೈದು ಕಳಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎರಡು ದಿನ ಆ ಗಾಡಿ ಬಿಟ್ಟು ಬೇರೆ ಮುಟ್ಟಲಿಲ್ಲ. ತುರುಕಿದ್ದ ಸೀಸ ಕಿತ್ತು ಬ್ಯಾಟರಿಯನ್ನು ಮೊದಲಿನಂತೆ ಕೂಡಿಸಿದೆ, ಪ್ಲಸ್ಸು ಬಾಡಿಗೆ. ಅಂಟಿದ ಕಟೌಟಿನ ತುದಿಗಳನ್ನು ಬಿಡಿಸಿ ನಯವಾದ ಪಾಲಿಶ್ ಕಾಗದದಿಂದ ಉಜ್ಜಿದೆ. ಡೈನಮೋಕ್ಕೆ ಅದರ ಹಳೆಯ ದಿಕ್ಕು ನೆನಪು ಮಾಡಿಕೊಡಬೇಕು. ಬ್ಯಾಟರಿಯ ಮೈನಸ್ಸಿನಿಂದ ಒಂದು ವೈರು ತಂದು ಡೈನಮೋದ ಸಣ್ಣ ಟರ್ಮಿನಲ್ಲಿಗೆ ಚಿಟಿಕೆ ಹೊಡೆಯುವಷ್ಟು ಹೊತ್ತು ಮುಟ್ಟಿಸಿದೆ. ಸಣ್ಣದೊಂದು ಕಿಡಿ ಹಾರಿತು. ಇಂಜಿನ್ ಚಾಲೂ ಮಾಡಿ ವೇಗ ಏರಿಸಿದರೆ ಚಾರ್ಜಿನ ಕೆಂಪು ದೀಪ ಆರಿತು.

ಫಾಗ್ ಲೈಟಿನ ಸ್ವಿಚ್ ಒತ್ತಿದರೆ ಫ್ಯೂಜು ಹಾರಿತು. ಇನ್ನೊಂದು ಹಾಕಿದೆ, ಅದೂ ಹಾರಿತು. ಅರ್ಧ ದಿನ ಅಲ್ಲಿ ಹೋಯಿತು. ನಾನು ಹಾಕಿದ್ದ ಹೊಸ ರಿಲೇಯ ಒಳಗೆ ಒಂದು ಸಣ್ಣ ಡಯೋಡ್ ಇತ್ತು. ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಈ ಉಲ್ಟಾ ಗಾಡಿಯಲ್ಲಿ ಅದೇ ಶಾರ್ಟಾಗುತ್ತಿತ್ತು. ಅದನ್ನು ತೆಗೆದು ಡಯೋಡ್ ಇಲ್ಲದ ಸಾದಾ ರಿಲೇ ಹಾಕಿದೆ. ಲೈಟು ಹತ್ತಿತು. ಹತ್ತು ನಿಮಿಷ ಕಳೆದ ಮೇಲೆ ಮೊದಲಿನ ಹಾಗೇ ಮಂದವಾಗಿ ಆರಿತು.

ಈ ಸಲ ಕಡ್ಡಿಯನ್ನು ಇಂಜಿನ್ನಿಗೆ ಇಟ್ಟೆ. ಪೂರಾ ಹನ್ನೆರಡು. ಆಮೇಲೆ ಲೈಟಿನ ಕವಚದಿಂದ ಬಾಡಿಗೆ ನೋಡಿದೆ. ಶೂನ್ಯ ಇರಬೇಕಾದಲ್ಲಿ ಐದು ವೋಲ್ಟ್ ನಿಂತಿತ್ತು. ಲೈಟಿನ ಪಟ್ಟಿ ಬಿಚ್ಚಿದರೆ ಅದರ ಅಡಿಯಲ್ಲಿ ದಪ್ಪನೆಯ ಹೊಸ ಬಣ್ಣ. ದಸರಾಕ್ಕೆ ಹೊಡೆಸಿದ್ದು. ಕರೆಂಟು ಬಾಡಿಗೆ ಹಿಂತಿರುಗಲು ದಾರಿಯೇ ಇರಲಿಲ್ಲ. ಬ್ಲೇಡಿನಿಂದ ಎರಡು ರೂಪಾಯಿ ನಾಣ್ಯದಷ್ಟು ಜಾಗ ಕೆರೆದು, ಲೋಹ ಬೆಳ್ಳಗೆ ಕಂಡ ಮೇಲೆ ಗ್ರೀಸು ಹಚ್ಚಿ ಬೋಲ್ಟು ಬಿಗಿದೆ. ಎರಡೂ ಕಡೆ ಸೇರಿ ಕಾಲು ತಾಸಿನ ಕೆಲಸ. ಲೈಟು ಒಂದು ತಾಸು ಉರಿದವು, ಕಣ್ಣು ಮಿಟುಕಿಸಲಿಲ್ಲ. ನಾನು ಮೊದಲ ದಿನವೇ ಬಾಯಾರ ಮಾತು ಕೇಳಿದ್ದರೆ ಇಷ್ಟೇ ಇತ್ತು. ನಕ್ಕದ್ದು, ಕೊಯ್ದದ್ದು, ಸುಟ್ಟದ್ದು ಯಾವುದೂ ಬೇಕಾಗಿರಲಿಲ್ಲ.

ಕೊನೆಗೆ ಕರಿ ದಾರವನ್ನು ಪ್ಲಸ್ ಕೇಬಲ್ಲಿಗೆ ಕಟ್ಟಿದೆ.

ಶನಿವಾರ ಬಾಯಾರು ಬಂದರು. ಬರುವ ತನಕ ನನ್ನ ಮನಸ್ಸು ಎರಡು ಕಡೆ ಜಗ್ಗಾಡುತ್ತಿತ್ತು. ಗಾಡಿ ಸರಿಯಾಗಿದೆ. ಉಸ್ತಾದ್ರೇ ತಪ್ಪು ಒಪ್ಪಿಕೊಂಡಿದ್ದಾರೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಇದು ಇಲ್ಲಿಗೆ ಮುಗಿಯುತ್ತದೆ. ಅವರೇ ಕೊಟ್ಟ ದಾರಿ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಖರೇ ಹೇಳುತ್ತೇನೆ, ಸುಮ್ಮನಿರುವ ಕಡೆಗೇ ಮನಸ್ಸು ಹೆಚ್ಚು ವಾಲಿತ್ತು.

ಲೈಟು ಹಚ್ಚಿ ತೋರಿಸಿದೆ. ಹೋಟೆಲಿನವನು ಎಂದಿನಂತೆ ಬಂದು ನಿಂತಿದ್ದ. “ಮುದುಕಪ್ಪ ಕೆಡಿಸಿದ್ದ, ನಮ್ಮವ ಸರಿ ಮಾಡಿದ ನೋಡ್ರಿ ಬಾಯಾರ,” ಎಂದ. “ಕೌದಿ ಹೊಲಿಯಾಕ ಕುಂದ್ರಲಿ ಇನ್ನ ಅವರು.”

ನನ್ನದೇ ಮಾತು. ಅವನ ಬಾಯಲ್ಲಿ ಕೇಳಿದಾಗ ತಡೆಯಲಾಗಲಿಲ್ಲ.

“ಕೆಡಿಸಿದಾಂವ ನಾನ್ರಿ,” ಎಂದೆ. “ಬ್ಯಾಟರಿ ಉಲ್ಟಾ ಹಾಕಿದಾಂವ ನಾನು. ಕಟೌಟ್ ಸುಟ್ಟಿದ್ದು ಅದರಿಂದ. ನೀವು ಮಂಜಿನ್ಯಾಗ ನಿಂತದ್ದು ನನ್ನಿಂದ್ರಿ ಬಾಯಾರ. ಅವರ ವೈರಿಂಗ್‌ನ್ಯಾಗ ಒಂದು ತಪ್ಪಿದ್ದಿಲ್ಲ. ಲೈಟ್ ಆರೂದು ಬರೇ ಬಣ್ಣದ ಸಲುವಾಗಿತ್ತು. ಮತ್ತ ಅವರು ನನ್ನ ಉಸ್ತಾದ್ರು. ಏಳು ವರ್ಷ ಅವರ ಕೈಯಾಗ ಕಲ್ತೀನಿ.”

ಬಾಯಾರು ಗಲ್ಲಾದ ಮೇಲಿನ ಸರ್ಟಿಫಿಕೇಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ನಾ ಒಬ್ಬ ಮುದುಕಗ ಓಣಿ ಮಂದಿ ಮುಂದ ಬೈದು ಬಂದೀನಿ. ನೀ ಇಲ್ಲಿ ಕುಂತು ಕೇಳಿದಿ,” ಎಂದರು.

“ಹೌದ್ರಿ.”

“ಹೋಗ್ಲಿ ಬಿಡ್ರಿ ಬಾಯಾರ, ಧಂದೇದಾಗ ಒಂದೊಂದ್ಸಲ...” ಎಂದು ಹೋಟೆಲಿನವನು ಬಾಯಿ ಹಾಕಿದ.

“ನೀವು ಚಹಾ ನೋಡ್ಕೋರಿ,” ಎಂದವರೇ ಬಾಯಾರು ಗಾಡಿಯ ಬಾಗಿಲು ತೆಗೆದು ನನಗೆ ಹೇಳಿದರು: “ಹತ್ತು.”

ಅವರು ಸೀದಾ ಕುಂದಗೋಳದ ದಾರಿ ಹಿಡಿದರು. ಟಾಪು ಇಳಿಸಿದ್ದರು. ಊರೂರಿನಲ್ಲಿ ಜನ ನಿಂತು ಆ ಗಾಡಿ ನೋಡುತ್ತಿದ್ದರು. ಎಷ್ಟು ವರ್ಷದಿಂದ ಅದರಲ್ಲಿ ಒಮ್ಮೆ ಕೂರಬೇಕು ಎಂದುಕೊಂಡಿದ್ದೆ. ಕೂತಾಗ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಎನ್ನುವ ಹಾಗಾಗಿತ್ತು.

ಉಸ್ತಾದ್ರು ಅಂಗಡಿ ಮುಂದೆ ಅದೇ ಗೋಣಿಚೀಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಹತಾರದ ಪೆಟ್ಟಿಗೆ, ಅದಕ್ಕೆ ಕೀಲಿ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗಾಡಿಯ ಸಪ್ಪಳಕ್ಕೆ ಬಾಜೂಕಿನ ಹಿಟ್ಟಿನ ಗಿರಣಿಯವರು ಹೊರಗೆ ಬಂದರು, ಅವರ ಹಿಂದೆ ಡಬ್ಬಿ ಹಿಡಿದ ಹೆಂಗಸರು, ಎದುರು ಮನೆಯವರು. ಬೈಗುಳ ಕೇಳಿದ್ದ ಓಣಿಯೇ ಅದು. ಮತ್ತೆ ಜಗಳ ಬಂತೆಂದು ತಿಳಿದರು.

ನಾನು ರಸ್ತೆಯ ಮೇಲೆ ನಿಂತೇ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. “ತಪ್ಪು ಇವರದಲ್ರಿ. ಬ್ಯಾಟರಿ ಉಲ್ಟಾ ಹಾಕಿ ಗಾಡಿ ಸುಟ್ಟಾಂವ ನಾನು. ಸುಳ್ಳು ಹೇಳಿ ಇವರ ಮ್ಯಾಲೆ ಹಾಕಿದಾಂವನೂ ನಾನ.”

“ಯಾಕ ಒದರತಿ?” ಎಂದರು ಉಸ್ತಾದ್ರು. “ನನ್ನ ಕಿವಿ ಇನ್ನೂ ಛಲೋ ಅದಾವ.”

ಬಾಯಾರು ಹತ್ತಿರ ಹೋಗಿ ಕೈ ಮುಗಿದರು. “ನಂದು ತಪ್ಪಾತ್ರಿ. ಕೇಳದ ಮಾಡದ ಬೈದೆ.”

“ನೀವ್ಯಾಕ ಕೈ ಮುಗೀತೀರಿ ಬಾಯಾರ? ಜೀವಕ್ಕ ಬಂದಿತ್ತು, ಯಾರಿದ್ರೂ ಬೈತಾರ,” ಎಂದು ಅವರು ಗೋಡೆ ಹಿಡಿದು ಎದ್ದರು. ನನ್ನ ಕಡೆ ನೋಡಲಿಲ್ಲ. ಸೀದಾ ಗಾಡಿಯ ಹಿಂದೆ ಹೋಗಿ, ಸೀಟು ಸರಿಸಿ, ಬ್ಯಾಟರಿಯ ಮೇಲೆ ಬೆರಳಾಡಿಸಿದರು. ಕರಿ ದಾರ ಕೈಗೆ ಸಿಕ್ಕಿತು. ಗಂಟು ಎಣಿಸಿದರು. ಆಮೇಲೆ ಬಾನೆಟ್ ಎತ್ತಿಸಿ ಒಳಗೆ ಬಗ್ಗಿದರು.

“ಇದೇನಿದು?”

“ಟೇಪ್ ರಿ.”

“ಗಾಡಿಗೆ ಗಾಯ ಆಗೇತೇನು?”

ಗಿರಣಿಯವರು ನಕ್ಕರು. ಉಸ್ತಾದ್ರು ನಗಲಿಲ್ಲ. ಸೊಂಟದಿಂದ ಕೀಲಿಕೈ ತೆಗೆದು, ಬುಧವಾರದಿಂದ ಮುಚ್ಚಿದ್ದ ಪೆಟ್ಟಿಗೆಯನ್ನು ತೆಗೆದರು. ಒಳಗಿನಿಂದ ಬಿಳಿ ನೂಲಿನ ಲಡಿ, ಮೇಣದ ಉಂಡೆ ತೆಗೆದು ನನ್ನ ಮುಂದೆ ಇಟ್ಟರು.

“ಬಿಚ್ಚು ಅದನ್ನ. ಕಟ್ಟು.”

ಟೇಪು ಬಿಚ್ಚಿದೆ. ಒಂದೇ ವಾರಕ್ಕೆ ಅಂಟು ಬಿಟ್ಟು ಧೂಳು ಹಿಡಿದಿತ್ತು. ದಾರಕ್ಕೆ ಮೇಣ ತಿಕ್ಕಿ ಕಟ್ಟತೊಡಗಿದೆ. ಹದಿನೇಳು ವರ್ಷದ ಹುಡುಗನಾಗಿದ್ದಾಗ ಕಣ್ಣು ಮುಚ್ಚಿ ಕಟ್ಟುತ್ತಿದ್ದ ಗಂಟು ಅದು. ಬೆರಳಿಗೆ ಮರೆತುಹೋಗಿತ್ತು. ಒಂದು ಸಡಿಲ, ಒಂದು ಬಿಗಿ, ಒಂದು ಓರೆ. 

ಓಣಿಯವರೆಲ್ಲ ನೋಡುತ್ತ ನಿಂತಿದ್ದರು. ಬಾಯಾರಿಗೆ ಯಾರೋ ಕುರ್ಚಿ ತಂದು ಹಾಕಿದರು. ನನ್ನ ಬೆವರು ಇಂಜಿನ್ನಿನ ಮೇಲೆ ಬೀಳುತ್ತಿತ್ತು.

ಒಂದು ಗೇಣಿನಷ್ಟು ಆದ ಮೇಲೆ ಉಸ್ತಾದ್ರು ಬಗ್ಗಿ, ಕಣ್ಣು ಹತ್ತಿರ ತಂದು, ಉಗುರಿನಿಂದ ಒಂದೊಂದೇ ಗಂಟು ಮುಟ್ಟಿ ನೋಡಿದರು.

“ಯಾರ ಕಡೆ ಕಲ್ತಿ ಇದನ್ನ?”

ಇಷ್ಟು ವರ್ಷ ಎಷ್ಟೋ ಜನ ಕೇಳಿದ್ದ ಪ್ರಶ್ನೆ. ಕೈ ತೋರಿಸಲು ಇಲ್ಲಿ ಗೋಡೆಯ ಮೇಲೆ ಸರ್ಟಿಫಿಕೇಟ್ ಇರಲಿಲ್ಲ.

“ನಿಮ್ಮ ಕಡೆನ ಉಸ್ತಾದ್ರ.”

ಅವರು ಇನ್ನೊಮ್ಮೆ ಗಂಟುಗಳನ್ನು ನೋಡಿದರು.

“ಹಂಗಿದ್ರ ಯಾರ ಮುಂದೂ ಹೇಳಬ್ಯಾಡಪಾ,” ಎಂದರು.

ಓಣಿ ಪೂರ್ತಿ ನಕ್ಕಿತು. ಬಾಯಾರು ಕೂಡ ನಕ್ಕರು. ಉಸ್ತಾದ್ರು ಆ ಮಾತನ್ನು ಗಂಟು ನೋಡಿ ಹೇಳಿದರೋ, ನಾನು ಇಷ್ಟು ವರ್ಷ ಮಾಡಿದ್ದು ಗೊತ್ತಿದ್ದು ಹೇಳಿದರೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳುವ ಧೈರ್ಯವಾಗಿಲ್ಲ. ಅವರು ಗೋಣಿಚೀಲದ ಮೇಲೆ ಹೋಗಿ ಕೂತು, ಬುಧವಾರದಿಂದ ಬಿದ್ದಿದ್ದ ಯಾರದೋ ಸ್ಟಾರ್ಟರನ್ನು ಹತ್ತಿರ ಎಳೆದುಕೊಂಡು ಬಿಚ್ಚತೊಡಗಿದರು. ನಾನು ಕಟ್ಟಿದ ಗಂಟನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಶುರುಮಾಡಿದೆ.